ಒಂದೇ ತಟ್ಟೆಯ ಬೆಕ್ಕುಗಳು

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಬೆಕ್ಕಿರುವುದು ಮುದ್ದಿಗಲ್ಲ, ಕೆಲಸಕ್ಕೆ. ಇಲಿ ಹೊಕ್ಕರೆ ಹುಳವೂ ಇಲ್ಲ, ಗೂಡೂ ಇಲ್ಲ. ನಮ್ಮಲ್ಲಿ ಎರಡಿದ್ದವು, ಒಂದು ಕರಿಯದು, ಒಂದು ಮಚ್ಚೆಯದು. ಮಚ್ಚೆಯದು ನನ್ನ ಮಡಿಲು ಸಿಕ್ಕರೆ ಇಲಿ ಮೂಗಿನ ಮುಂದೆ ಓಡಿದರೂ ಕಣ್ಣು ಬಿಡುತ್ತಿರಲಿಲ್ಲ.

"ಇಲಿ ಹಿಡಿಯೋಕೆ ತಂದ್ರೆ ಇದನ್ನ ಮಗೂನೇ ಮಾಡ್ಕೊಂಡ್ಯಲ್ಲಮ್ಮ" ಎಂದು ಅತ್ತೆ ಗೊಣಗುತ್ತಿದ್ದರು. ಎರಡಕ್ಕೂ ದಿನಾ ಒಂದೇ ತಟ್ಟೆಯಲ್ಲಿ ಹಾಲನ್ನ ಕಲಸಿಡುತ್ತಿದ್ದವರೂ ಅವರೇ.

ಕಳೆದ ವರ್ಷ ಮಚ್ಚೆ ಬೆಕ್ಕು ಸೊರಗಿತು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಒಸಡು ಬಿಳಿಚಿಕೊಂಡಿತ್ತು. ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಲ್ಲಿಯ ಡಾಕ್ಟರಮ್ಮ ರಕ್ತ ತೆಗೆದು ಪರೀಕ್ಷೆ ಮಾಡಿದರು.

"ಬೆಕ್ಕಿಗೆ ಬರೋ ಲ್ಯುಕೇಮಿಯಾ ವೈರಸ್ಸಮ್ಮ ಇದು. ರೋಗ ತಡೆಯೋ ಶಕ್ತೀನೇ ಕೆಡಿಸ್ಬಿಡುತ್ತೆ. ವಾಸಿ ಮಾಡೋ ಔಷಧಿ ಇಲ್ಲ. ಆದ್ರೆ ಚೆನ್ನಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ ಬದುಕಿದ್ದೂ ಉಂಟು" ಎಂದರು. ಮನುಷ್ಯರಿಗೆ, ದನಕ್ಕೆ ಅಂಟುವುದಿಲ್ಲವಂತೆ. ಬೆಕ್ಕಿನಿಂದ ಬೆಕ್ಕಿಗೆ ಮಾತ್ರ, ಅದೂ ಹೆಚ್ಚಾಗಿ ಎಂಜಲಿನಿಂದ: ಒಂದನ್ನೊಂದು ನೆಕ್ಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ. ಇನ್ನೊಂದನ್ನೂ ಕರೆತನ್ನಿ, ಅಲ್ಲಿಯವರೆಗೆ ಬೇರೆ ಬೇರೆ ಇಡಿ ಎಂದರು.

ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಸ್ವಲ್ಪ ಯೋಚಿಸಿ, "ಹಾಲುತೊಂಡೆ ತರಾನಾ?" ಎಂದರು. ಅದು ಹುಳಕ್ಕೆ ಬರುವ ಅಂಟುರೋಗ. ಬಂದ ಹುಳವನ್ನು ನಾವು ಆರಿಸಿ ತೆಗೆದು ಸುಣ್ಣ ಹಾಕಿ ಹೂಳುತ್ತೇವೆ. ನಾನು ಪೆದ್ದಿ, ಹೂಂ ಎಂದುಬಿಟ್ಟೆ.

"ಹಂಗಾದ್ರೆ ಎತ್ತಿ ಆಚೆ ಬಿಡೋದೇ. ಇನ್ನೊಂದಾದ್ರೂ ಉಳೀಬೇಕಲ್ಲ."

"ಅದು ಹುಳ ಅಲ್ಲ ಅತ್ತೆ!" ಎಂದು ಕೂಗಿದೆ.

"ಕೂಗಾಡಿದ್ರೆ ರೋಗ ಓಡೋಗುತ್ತಾ?" ಎಂದವರೇ ಹುಳಕ್ಕೆ ಸೊಪ್ಪು ಕೊಯ್ಯಲು ಹೊರಟುಹೋದರು. ಅತ್ತೆ ಒಂದು ಹೇಳಿದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು. ನನಗೆ ಊಟ ಸೇರಲಿಲ್ಲ.

ಮಾರನೆಯ ದಿನ ಕರಿ ಬೆಕ್ಕನ್ನು ಕರೆದೊಯ್ದೆ. ಅದಕ್ಕೆ ಸದ್ಯಕ್ಕೆ ಏನೂ ಇರಲಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ನೋಡೋಣ, ಆಮೇಲೆ ಲಸಿಕೆ ಎಂದರು ಡಾಕ್ಟರಮ್ಮ. ನಿರಾಳವಾಗಿ ಮನೆಗೆ ಬಂದರೆ ಮಚ್ಚೆ ಬೆಕ್ಕು ಕಾಣಿಸಲಿಲ್ಲ. ಅಟ್ಟ, ಕೊಟ್ಟಿಗೆ, ಹುಲ್ಲಿನ ಮೆದೆ ಎಲ್ಲ ಹುಡುಕಿದೆ.

"ಎಲ್ಲಿ ಬಿಟ್ರಿ ಅದನ್ನ?" ಎಂದೆ. ಅತ್ತೆ ಸೊಪ್ಪಿನ ಹೊರೆ ಬಿಚ್ಚುತ್ತಲೇ ಗದ್ದದಲ್ಲಿ ಚಾಕಿ ಕೋಣೆಯ ಕಡೆ ತೋರಿಸಿದರು. ಹಿಂದೆ ಆಗಷ್ಟೇ ಮೊಟ್ಟೆಯೊಡೆದ ಮರಿಹುಳಗಳನ್ನು ಸಾಕುತ್ತಿದ್ದ ಕೋಣೆ ಅದು. ಈಗ ಮರಿಹುಳ ಹೊರಗಿನಿಂದ ಬರುವುದರಿಂದ ಖಾಲಿ ಇದ್ದರೂ, ಸ್ನಾನವಾಗದೆ ಅತ್ತೆ ಅಲ್ಲಿಗೆ ನನ್ನನ್ನು ಬಿಟ್ಟವರಲ್ಲ. ಬಾಗಿಲು ತೆಗೆದೆ. ಮಡಚಿದ ಗೋಣಿಚೀಲದ ಮೇಲೆ ಅತ್ತೆಯ ಹಳೆಯ ಸೀರೆ, ಸೀರೆಯ ಮೇಲೆ ನನ್ನ ಬೆಕ್ಕು ನಿದ್ದೆ ಮಾಡುತ್ತಿತ್ತು. ಪಕ್ಕದಲ್ಲಿ ಹಾಲನ್ನ, ಮೂಲೆಯಲ್ಲಿ ಮರಳು ತುಂಬಿದ ಬಾಣಲಿ.

"ಆಚೆ ಬಿಡ್ತೀನಿ ಅಂದಿದ್ರಲ್ಲ?"

"ಆಚೆ ಬಿಟ್ರೆ ಊರ ಬೆಕ್ಕಿಗೆಲ್ಲ ಅಂಟಿಸುತ್ತೆ. ಅವೂ ಯಾರೋ ಸಾಕಿದ್ದೇ ಅಲ್ವಾ?" ಎಂದರು ಅತ್ತೆ. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಬೆಳಗಿಂದ ಒಂದೇ ಸಮ ಕೂಗ್ತಿತ್ತು ಕಣಮ್ಮ, ನನ್ ಹತ್ರ ಸುಮ್ನಾಗ್ಲಿಲ್ಲ. ಕೂಗಿ ಕೂಗಿ ಸುಸ್ತಾಗಿ ಈಗ ಮಲಗಿದೆ. ಹೋಗಿ ಕೂತ್ಕೊ. ಸೊಪ್ಪು ನಾನು ಹಾಕ್ತೀನಿ."