ಬಟ್ಟೆ ತಿರುಗುವ ಹೊತ್ತಿನ ಪಾಠ

ಬೆಳಗಿನ ವಾಕಿಂಗಿಗೆ ಹೊರಟರೆ ಅಮೆರಿಕಾದ ಈ ನಮ್ಮ ಸೈಪ್ರೆಸ್ ಬಡಾವಣೆಯಲ್ಲಿ ಯಾವುದಾದರೊಂದು ಮನೆಯ ಗೋಡೆಯಿಂದ ಬಟ್ಟೆ ಒಣಗಿಸುವ ಡ್ರೈಯರಿನ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಹೂವಿನ ಪರಿಮಳವೆಂದು ಸೋಪಿನ ಡಬ್ಬಿಯ ಮೇಲೆ ಬರೆದಿರುವ, ಆದರೆ ಭೂಮಿಯ ಮೇಲಿನ ಯಾವ ಹೂವಿಗೂ ಸೇರದ ಒಂದು ವಾಸನೆ. ಇವತ್ತು ಅದು ಬಡಿದದ್ದೇ ತಡ, ಕಾಲು ನಿಂತುಬಿಟ್ಟಿತು. ನಿಮಗೂ ಹೀಗಾಗುತ್ತದಲ್ಲವೇ, ಮೂಗಿಗೆ ಮೊದಲು ಗೊತ್ತಾಗಿ ತಲೆಗೆ ಆಮೇಲೆ ಸುದ್ದಿ ಮುಟ್ಟುವುದು? ನನ್ನ ತಲೆಗೆ ಮುಟ್ಟಿದ ಸುದ್ದಿ ಲೂಪೆ ಮತ್ತು ಅವಳ ಮಗಳು ಡೇನಿಯೇಲಾಳದು.

ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು. ಮನೆ ತುಂಬ ಇದ್ದ ನೆಂಟರು ಹೊರಟ ಮರುದಿನ, ಬೆಡ್‌ಶೀಟುಗಳ ಗುಡ್ಡೆ ನೋಡಿಯೇ ಹೆದರಿತೋ ಎಂಬಂತೆ, ನಮ್ಮ ವಾಷಿಂಗ್ ಮಷೀನು ಪ್ರಾಣ ಬಿಟ್ಟಿತು. ಗುಡ್ಡೆಯನ್ನು ಕಾರಿಗೆ ತುಂಬಿಕೊಂಡು ಹೈವೇ ಪಕ್ಕದ ಲಾಂಡ್ರಿಗೆ ಹೋದೆ. ನಾಣ್ಯ ಹಾಕಿ ನಾವೇ ಒಗೆದುಕೊಳ್ಳುವ ಜಾಗ. ಸಾಲು ಮಷೀನುಗಳು, ಸುತ್ತ ಸ್ಪ್ಯಾನಿಷ್ ಮಾತು. ಬಟ್ಟೆ ಮಡಿಸುವ ಉದ್ದ ಮೇಜಿನ ಕೊನೆಯಲ್ಲಿ ಹದಿನಾರರ ಹುಡುಗಿಯೊಬ್ಬಳು ರಟ್ಟಿನ ಚೀಟಿ ಎತ್ತಿ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಏಳೆಂಟು ಜನ ಹೆಂಗಸರು, ಗಾರೆ ಮೆತ್ತಿದ ಬೂಟಿನ ಇಬ್ಬರು ಗಂಡಸರು ಒಟ್ಟಿಗೆ ಉತ್ತರ ಕೂಗುತ್ತಿದ್ದರು. ತಪ್ಪು ಹೇಳಿದವರನ್ನು ಲಾಂಡ್ರಿ ನೋಡಿಕೊಳ್ಳುತ್ತಿದ್ದ ಹೆಂಗಸು ತಿದ್ದುತ್ತಿದ್ದಳು. ಅವಳೇ ಲೂಪೆ, ಹುಡುಗಿಯ ತಾಯಿ.

ಈ ದೇಶದ ಪೌರತ್ವ ಬೇಕೆಂದರೆ ಅಧಿಕಾರಿಯ ಮುಂದೆ ಕೂತು ಚರಿತ್ರೆಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕು, ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದನ್ನು ಬರೆಯಬೇಕು; ಅದಕ್ಕೆ ಮೂರು ಅವಕಾಶ. ಹಗಲೆಲ್ಲ ದುಡಿಯುವವರಿಗೆ ಓದಲು ಪುರಸೊತ್ತೆಲ್ಲಿ? ಶನಿವಾರ ಬಟ್ಟೆ ತಿರುಗುವ ಮುಕ್ಕಾಲು ಗಂಟೆಯಂತೂ ಎಲ್ಲರೂ ಸುಮ್ಮನೆ ಕೂತಿರುತ್ತಾರಲ್ಲ ಎಂದು ಲೂಪೆಗೆ ಹೊಳೆದಿತ್ತು. ಮಗಳು ಚೀಟಿ ಬರೆದಳು. ಪಾಠ ಶುರುವಾಯಿತು.

ನಾನು ಚಿಲ್ಲರೆ ಕೇಳಲು ಬಾಯಿ ತೆರೆದದ್ದಷ್ಟೇ. ಡೇನಿಯೇಲಾಳ ಕಣ್ಣು ಹೊಳೆಯಿತು. ಶಾಲೆಯ ಗುಜರಾತಿ ಗೆಳತಿಯಿಂದ ‘ಆಂಟಿ’ ಎನ್ನುವುದನ್ನು ಕಲಿತಿದ್ದಳು.

“ಆಂಟಿ, ನೀವು ನಮಗೆ ಆಫೀಸರ್ ಆಗ್ತೀರಾ? ನನ್ನ ಇಂಗ್ಲಿಷು ಇವರಿಗೆ ಅಭ್ಯಾಸ ಆಗಿಬಿಟ್ಟಿದೆ. ನಿಮ್ಮದು ಅರ್ಥ ಆದ್ರೆ ಯಾವ ಆಫೀಸರದ್ದಾದ್ರೂ ಅರ್ಥ ಆಗುತ್ತೆ!”

ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವಳು ನಾನು. ಆ ಕಪ್ಪಿಗೆ ಅಷ್ಟು ದೂರದಿಂದಲೂ ಅವಮಾನವಾಗಿರಬೇಕು. ಆದರೂ ಕುರ್ಚಿ ಎಳೆದು ಕೂತೆ. ಬಲಗೈ ಎತ್ತಿಸಿ ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿ, ಗಂಟಲು ದಪ್ಪ ಮಾಡಿ ಪ್ರಶ್ನೆ ಕೇಳಿದೆ. ಗಾರೆ ಕೆಲಸದವನು ನಿಜವಾಗಿಯೂ ಬೆವರಿದ. ಅಧಿಕಾರದ ರುಚಿ ಹತ್ತುವುದು ಎಷ್ಟು ಸುಲಭ ನೋಡಿ.

ಮನೆಗೆ ಬಂದು ಬಾಯ್ತುಂಬ ವರದಿ ಒಪ್ಪಿಸಿದರೆ ನಮ್ಮೆಜಮಾನರು, “ಏನೇ ಇದು, ಬಟ್ಟೆ ಒಗೆಯೋಕೆ ಹೋದವಳು ಅಮೆರಿಕಾ ಚರಿತ್ರೆ ಒಗ್ದುಕೊಂಡು ಬಂದಿದ್ದೀಯಲ್ಲ!” ಎಂದರು. ಮುಂದಿನ ವಾರ ಮಷೀನು ರಿಪೇರಿಯಾಯಿತು. ನಾನು ಮಾತ್ರ ಶನಿವಾರ ತಪ್ಪಿಸಲಿಲ್ಲ. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ ಒಗೆದ ಬೆಡ್‌ಶೀಟನ್ನೇ ಮತ್ತೆ ಒಗೆಯುತ್ತಿದ್ದೆ. ಆ ವರ್ಷ ನಮ್ಮ ಮನೆಯ ಬೆಡ್‌ಶೀಟುಗಳು ಸವೆದು ಬಲೆಯಾದವು.

ಒಬ್ಬೊಬ್ಬರಾಗಿ ಪಾಸಾಗುತ್ತಿದ್ದರು. ಒಂದು ದಿನ ಆ ಸಂಭ್ರಮದಲ್ಲಿ ನಾನು ಲೂಪೆಯನ್ನು ಕೇಳಿದೆ, “ನಿಮ್ಮದು ಯಾವ ವರ್ಷ ಆಯಿತು?”

“ನಾನು ಮೂರನೇ ಕ್ಲಾಸಲ್ಲಿದ್ದಾಗಲೇ ಅಮ್ಮಂದು ಆಯ್ತು,” ಎಂದು ಡೇನಿಯೇಲಾ ಹೆಮ್ಮೆಯಿಂದ ಹೇಳಿದಳು.

ಟವೆಲು ಮಡಿಸುತ್ತಿದ್ದ ಲೂಪೆಯ ಕೈ ನಿಂತಿತು. “ಆಗಿಲ್ಲ, ಮಿಹಾ,” ಎಂದಳು. ಮಿಹಾ ಎಂದರೆ ಅವರಲ್ಲಿ ಮಗಳೇ ಎಂದು.

ಆಗಿರಲಿಲ್ಲ. ಅರ್ಜಿ ಹಾಕಿದ್ದಳು, ದಿನವೂ ಗೊತ್ತಾಗಿತ್ತು. ಆಫೀಸಿನ ಪಾರ್ಕಿಂಗಿನವರೆಗೆ ಹೋಗಿ, ಬಾಗಿಲು ನೋಡಿ ವಾಪಸು ಬಂದಿದ್ದಳು. ಊರಲ್ಲಿ ಅವಳು ಶಾಲೆಗೆ ಹೋದದ್ದು ಎರಡೇ ವರ್ಷ. ಇಂಗ್ಲಿಷ್ ಬಾಯಲ್ಲಿತ್ತು, ಬೆರಳಿಗೆ ಇಳಿದಿರಲಿಲ್ಲ. ಮೇಜಿನ ಮೇಲಿದ್ದ ನೂರು ಪ್ರಶ್ನೆಗಳನ್ನೂ ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದಳು, ಒಂದು ಚೀಟಿಯನ್ನೂ ಓದಲಾರಳು.

“ಎಲ್ಲರಿಗೂ ಹೆದರಬೇಡಿ ಅಂತ ಹೇಳಿದ್ಯಲ್ಲಮ್ಮ, ಅದೂ ಸುಳ್ಳಾ?” ಡೇನಿಯೇಲಾ ಕೇಳಿದಳು.

“ಸುಳ್ಳಲ್ಲ. ಹೆದರಿ ವಾಪಸು ಬರೋದು ಹೇಗಿರುತ್ತೆ ಅಂತ ನನಗೆ ಗೊತ್ತು. ಇನ್ನೊಬ್ಬರು ಹಾಗೆ ಬರಬಾರದು ಅಂತಲೇ ಈ ಪಾಠ.”

ಹುಡುಗಿ ಚೀಟಿಗಳನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಹೋದಳು. ನಾನು ತಪ್ಪಿತಸ್ಥಳಂತೆ ನನ್ನ ಒದ್ದೆ ಬೆಡ್‌ಶೀಟು ಹಿಂಡುತ್ತ ನಿಂತೆ, ಮಷೀನು ಆಗಲೇ ಹಿಂಡಿದ್ದರೂ. ಮುಂದಿನ ಶನಿವಾರ ಪಾಠ ಇರುವುದೋ ಇಲ್ಲವೋ ಎಂದು ವಾರವೆಲ್ಲ ಚಡಪಡಿಸಿದೆ.

ಪಾಠ ಇತ್ತು. ಡೇನಿಯೇಲಾ ನೆಟ್ಟಗೆ ಬಂದು ತಾಯಿಯ ಮುಂದೆ ಪೆನ್ಸಿಲ್ ಇಟ್ಟಳು. “ಆಂಟಿ ಹೇಳ್ತಾರೆ, ನೀನು ಬರಿ,” ಎಂದಳು. ಅಷ್ಟು ಜನರೆದುರು! ಲೂಪೆಯ ಕಿವಿ ಕೆಂಪಾಯಿತು. ಪೆನ್ಸಿಲಿನ ತುದಿ ಮುರಿಯುವಷ್ಟು ಒತ್ತಿ ಒಂದೊಂದೇ ಅಕ್ಷರ ಬರೆದಳು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ನಮ್ಮೆಲ್ಲರ ಬಟ್ಟೆ ಒಗೆದು ಒಣಗಿಯೂ ಆಯಿತು. ಯಾರೂ ನಗಲಿಲ್ಲ. ಆಮೇಲೆ ನಮ್ಮ ಮೇಜಿನಲ್ಲಿ ಇಬ್ಬರಲ್ಲ, ಎಲ್ಲರೂ ಮೇಷ್ಟ್ರುಗಳಾದರು. ಪಾಸಾಗಿ ಹೋಗಿದ್ದವರೂ ಲೂಪೆಗೆ ಬರೆಸಲೆಂದೇ ವಾಪಸು ಬಂದರು.

ಮತ್ತೆ ಅರ್ಜಿ, ತಿಂಗಳುಗಟ್ಟಲೆ ಕಾಯುವಿಕೆ. ಕೊನೆಗೆ ಕರೆ ಬಂದ ದಿನ ನಾನೇ ಇಬ್ಬರನ್ನೂ ಡ್ರೈವ್ ಮಾಡಿಕೊಂಡು ಹೋದೆ. ಅದೇ ಪಾರ್ಕಿಂಗು. ಲೂಪೆ ಇಳಿದು ನಿಂತಳು. ಬಾಗಿಲು ನೋಡಿದಳು. ಡೇನಿಯೇಲಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಮೂಳೆಗೆ ಒತ್ತಿತು. ಲೂಪೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು. ತಿರುಗಿ ನೋಡಲಿಲ್ಲ.

ಒಂದೂವರೆ ಗಂಟೆಯ ಮೇಲೆ ಹೊರಗೆ ಬಂದವಳ ಮುಖದಲ್ಲಿ ಏನೂ ಇರಲಿಲ್ಲ. ಕಾರಿನ ಹತ್ತಿರ ಬಂದು ಹೇಳಿದಳು, “‘ಜನರು ಮತ ಹಾಕಲು ಬಯಸುತ್ತಾರೆ.’ ಅದನ್ನೇ ಬರೆಸಿದ್ರು.”

“ಎಷ್ಟನೇ ಸಲಕ್ಕೆ ಬರೆದೆ?” ಡೇನಿಯೇಲಾ ಕೇಳಿದಳು.

“ಒಂದೇ ಸಲಕ್ಕೆ, ಮಿಹಾ! ಪಾಸು!”

ಆಮೇಲೆ ನಾವು ಮೂವರೂ ಕಿರುಚಿದ್ದು ಕೇಳಿ ಸೆಕ್ಯುರಿಟಿಯವನು ಓಡಿ ಬಂದ. ನಾನು ಕನ್ನಡದಲ್ಲೇ ಕಿರುಚಿದೆನಂತೆ, ಡೇನಿಯೇಲಾ ಆಮೇಲೆ ಅಣಕಿಸಿ ತೋರಿಸಿದಳು.

ಲಾಂಡ್ರಿ ಮುಚ್ಚಿ ವರ್ಷಗಳಾದವು. ಡೇನಿಯೇಲಾ ಈಗ ಟೀಚರು. ಪಾಠ ಅವಳ ಶಾಲೆಯ ಒಂದು ಕೋಣೆಗೆ ಶಿಫ್ಟ್ ಆಗಿದೆ, ಬರೆಸುವ ಜವಾಬ್ದಾರಿ ಪೂರ್ತಿ ಲೂಪೆಯದು. ದೂರ, ಮಂಡಿನೋವು ಎಂದೆಲ್ಲ ನೆವ ಹೇಳಿ ಹೋಗುವುದನ್ನು ಬಿಟ್ಟಿದ್ದವಳು ನಾನು. ಇವತ್ತು ವಾಕಿಂಗ್ ಅರ್ಧಕ್ಕೇ ಬಿಟ್ಟು ಮನೆಗೆ ಬಂದು, ಷೂ ಬಿಚ್ಚುವ ಮೊದಲೇ ಫೋನ್ ಮಾಡಿದೆ.

“ಸೆನ್ಯೋರಾ!” ಲೂಪೆ ಕೂಗಿದಳು, ಮೇಡಂ ಎನ್ನುವ ಹಾಗೆ. “ಕಲಿಸೋಕೆ ಬರ್ತೀರಾ?”

“ಇಲ್ಲ. ಇಷ್ಟು ವರ್ಷ ನಿಮ್ಮ ಪಕ್ಕ ಕೂತೂ ಸ್ಪ್ಯಾನಿಷ್ ನಾಲ್ಕು ಮಾತು ಬರಲ್ಲ ನನಗೆ. ಕಲಿಯೋಕೆ ಬರ್ತೀನಿ. ನೀವು ಕಲಿಸ್ತೀರಾ?”

ಆ ಕಡೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ಶನಿವಾರ ಒಂಬತ್ತಕ್ಕೆ,” ಎಂದಳು ಲೂಪೆ ಟೀಚರು. “ತಡವಾಗಿ ಬಂದ್ರೆ ಹೊರಗೆ ನಿಲ್ಲಿಸ್ತೀನಿ.”