ತವರುಮನೆಯ ಹೆಪ್ಪು

ಹಾನಗಲ್ಲಿನಿಂದ ಶಿಗ್ಗಾಂವಕ್ಕೆ ಹೊರಟಿದ್ದ ಬಸ್ಸು ಒಂದು ತಗ್ಗಿನಲ್ಲಿ ಇಳಿದು ಎದ್ದದ್ದೇ ತಡ, ನನ್ನ ಕಾಲಬಳಿ ಇದ್ದ ಹಾಲಿನ ಕ್ಯಾನಿನ ಮುಚ್ಚಳ ಸಡಿಲಾಯಿತು. ಹಾಲಿನ ಕ್ಯಾನೇನೋ ಹೌದು, ಒಳಗಿದ್ದುದು ಹಾಲಲ್ಲ. ಮುಂದಿನ ಸೀಟಿನ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದಳು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಕಂಡಕ್ಟರ್ ಟಿಕೀಟು ಹರಿಯುವುದನ್ನು ಬಿಟ್ಟು ನನ್ನ ಹತ್ತಿರ ಬಂದ.

"ಏನೈತ್ರಿ ಅಕ್ಕಾರ ಅದರಾಗ?"

"ಹೆಪ್ಪು ಐತ್ರಿ" ಎಂದೆ.

ಇಷ್ಟು ನಾರುವ ಹೆಪ್ಪನ್ನು ಅವನು ತನ್ನ ಸರ್ವಿಸಿನಲ್ಲೇ ಕಂಡಿರಲಿಕ್ಕಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆ ಮಾತು ನನ್ನದಲ್ಲ, ನಮ್ಮ ಬಾಜುಮನೆಯ ದೊಡ್ಡವ್ವನದು. ಮುಚ್ಚಳವನ್ನು ಒತ್ತಿ ಹಿಡಿದುಕೊಂಡೆನಾದರೂ ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಹಿರೇಬೆಂಡಿಗೇರಿಯ ನಮ್ಮ ಓಣಿಯಲ್ಲಿ, ಅವಳ ಹಿತ್ತಲಿನಲ್ಲಿ ನಿಲ್ಲಿಸಿಬಿಟ್ಟಿತ್ತು...

ದೊಡ್ಡವ್ವ ನಮಗೆ ರಕ್ತಸಂಬಂಧಿಯೇನಲ್ಲ. ನಡುವೆ ಒಂದು ಮಣ್ಣಿನ ಗೋಡೆ, ಅಷ್ಟೇ. ಅವಳ ಹಿತ್ತಲಿನಲ್ಲಿ ದೊಡ್ಡದೊಂದು ಹುಣಸೆ ಮರವಿತ್ತು. ಅದರ ನೆರಳಿಗೆ ದನ ಕಟ್ಟುತ್ತಿದ್ದರು, ಅದರ ಕಾಯಿಗೆ ನಾವು ಕಲ್ಲು ಹೊಡೆಯುತ್ತಿದ್ದೆವು. ಪಂಚಮಿ ಬಂತೆಂದರೆ ಇಡೀ ಓಣಿಯ ಜೋಕಾಲಿ ಕಟ್ಟುವುದು ಅದರ ಕೊಂಬೆಗೇ. ಆ ಮರವನ್ನು ಕಡಿಸಬೇಕೆಂದು ಅವಳ ಗಂಡ, ನಮ್ಮೆಲ್ಲರ ದೊಡ್ಡಪ್ಪ, ತೀರ್ಮಾನಿಸಿದ್ದ. ಮನೆ ತುಂಬ ಮಂದಿ, ಒಲೆಗೆ ಹೊಟ್ಟೆ ತುಂಬುವುದೇ ಇಲ್ಲ. ಊರ ಸುತ್ತಲಿನ ಜಾಲಿ ಮುಳ್ಳುಕಂಟಿಗಳೆಲ್ಲ ಆಗಲೇ ಬೂದಿಯಾಗಿ ತಿಪ್ಪೆ ಸೇರಿದ್ದವು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಬೇಕೆಂದರೆ ಉಳಿದದ್ದು ಹುಣಸೆ ಮರ ಒಂದೇ.

"ಮದುವಿಯಾಗಿ ಬಂದ ವರ್ಷ ತವರಮನಿ ನೆನಪಾಗಿ ಅಳು ಬಂದ್ರ ನಾ ಆ ಗಿಡದ ಬುಡಕ್ಕ ಕುಂದರತಿದ್ದೆ" ಎಂದು ಅವಳು ನನ್ನ ಅವ್ವನ ಮುಂದೆ ಹೇಳಿದ್ದು ನನಗೆ ನೆನಪಿದೆ. ಗಂಡನ ಮುಂದೆ ಮಾತ್ರ ಅಳಲಿಲ್ಲ. ಗೋಬರ್ ಗ್ಯಾಸು ಹಾಕಿಸಿಕೊಡು ಎಂದು ಪಟ್ಟು ಹಿಡಿದಳು. ಆಡೂರಿನ ಅವಳ ತವರಿನಲ್ಲಿ ಅಣ್ಣ ಆಗಲೇ ಹಾಕಿಸಿದ್ದ, ಅವಳು ಅದನ್ನು ಕಣ್ಣಾರೆ ನೋಡಿ ಬಂದಿದ್ದಳು. ದೊಡ್ಡಪ್ಪ ಬಹಳ ಹೊತ್ತು ಮೀಸೆ ತಿರುವಿದ.

"ಪಂಚಮಿ ಉಂಡಿ ಎಲ್ಲಾ ಅದರ ಮ್ಯಾಲ ಮಾಡಿ ತೋರಸು. ಮಾಡಿದಿ ಅಂದ್ರ ಗಿಡಾ ಇರತೈತಿ. ಕಟಗಿ ಒಲಿ ಹಚ್ಚಿದಿ ಅಂದ್ರ ಮರುದಿನಾನ ಕೊಡ್ಲಿ."

ಈ ಕರಾರು ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ಐದನೆಯ ಇಯತ್ತೆಯಲ್ಲಿದ್ದ ನನಗಂತೂ ಶಾಲೆಯಲ್ಲಿ ಮನಸ್ಸೇ ನಿಲ್ಲಲಿಲ್ಲ. ಮರ ಹೋದರೆ ಜೋಕಾಲಿ ಹೋಯಿತಲ್ಲ! ಗುಂಡಿ ತೋಡಿದರು, ಇಟ್ಟಿಗೆಯ ಗುಮ್ಮಟ ಕಟ್ಟಿದರು, ಅಡುಗೆಮನೆಯತನಕ ಪೈಪು ಎಳೆದರು. ದಿನಾ ಬೆಳಿಗ್ಗೆ ದೊಡ್ಡವ್ವ ಸೆಗಣಿ ಕಲಸಿ ಅದರ ಬಾಯಿಗೆ ಹೊಯ್ಯುವಾಗ ನಾವು ಹುಡುಗರು ಸುತ್ತ ನಿಲ್ಲುತ್ತಿದ್ದೆವು. ಈದ ಎಮ್ಮೆಯನ್ನು ಮಾತನಾಡಿಸುವ ಹಾಗೆ "ಹೊಟ್ಟಿ ತುಂಬಿತೇನವಾ?" ಎಂದು ಅವಳು ಗುಂಡಿಯನ್ನು ಕೇಳುತ್ತಿದ್ದಳು. ಅದರೊಳಗೆ ಕಣ್ಣಿಗೆ ಕಾಣದ ಹುಳಗಳು ಸೆಗಣಿ ತಿಂದು ಗ್ಯಾಸು ಮಾಡುತ್ತವೆ ಎಂದು ಗುಮ್ಮಟ ಕಟ್ಟಿದ ಗೌಂಡಿ ಹೇಳಿಹೋಗಿದ್ದ. ನಾವು ಗುಮ್ಮಟಕ್ಕೆ ಕಿವಿಯಿಟ್ಟು ಆ ಹುಳಗಳ ಸದ್ದು ಕೇಳಲು ಜಗಳವಾಡುತ್ತಿದ್ದೆವು.

ಒಲೆ ಮೊದಲ ಸಲ ಹೊತ್ತಿದ ಸಂಜೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಒಂದು ಕೊಳೆತ ವಾಸನೆ ಬಂತು, ಕಡ್ಡಿ ಗೀರಿದಳು, ಬುಸ್ಸೆಂದು ನೀಲಿ ಉರಿ ಎದ್ದು ನಿಂತಿತು. ಹೊಗೆಯಿಲ್ಲದ ಬೆಂಕಿಯನ್ನು ದೊಡ್ಡವ್ವನನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಕಂಡವರಲ್ಲ. ದೊಡ್ಡವ್ವ ಎಲ್ಲರಿಗೂ ಚಹ ಇಟ್ಟಳು. ನನ್ನ ಅಜ್ಜಿ ಮಾತ್ರ ಸೆಗಣಿಗೆ ಹೇಸಿ ಕಪ್ಪನ್ನು ದೂರ ಸರಿಸಿದಳು.

"ಹೆಂಡಿ ಗ್ಯಾಸಿನ ಚಾ ನಾ ಒಲ್ಲೆವಾ."

"ಯವ್ವಾ, ಹಣಿ ಮ್ಯಾಲ ಇಬತ್ತಿ ಹಚ್ಚೀರಲ್ಲ, ಅದನ್ನ ಯಾತರಾಗ ಮಾಡ್ಯಾರ ಹೇಳ್ರಿ?" ಎಂದು ದೊಡ್ಡವ್ವ ಮೆಲ್ಲಗೆ ಕೇಳಿದಳು.

ಅಜ್ಜಿಯ ಕೈ ತಾನಾಗಿಯೇ ಹಣೆಯ ವಿಭೂತಿಗೆ ಹೋಯಿತು. ಕಪ್ಪನ್ನು ಎಳೆದುಕೊಂಡು ಕುಡಿದಳು. ಸಕ್ಕರೆ ಕಡಿಮೆಯಾಯಿತು ಎಂದು ತಕರಾರು ಮಾಡುವುದನ್ನು ಮಾತ್ರ ಬಿಡಲಿಲ್ಲ.

ಮುಂದೆ ಎಲ್ಲವೂ ಸುರಳೀತ ಎಂದುಕೊಂಡಿದ್ದೆವು... ಆಷಾಢ ಬಂತು. ಪಂಚಮಿಗೆ ಗಂಡನ ಮನೆಗಳಿಂದ ಹೆಣ್ಣುಮಕ್ಕಳು ಬರುತ್ತಾರೆ, ಹಿರೇಕೆರೂರಿನ ಬೀಗರೂ ಬಂದರೆ ಬಂದಾರು ಎಂದು ದೊಡ್ಡವ್ವ ಮನೆ ತೊಳೆಯಲು ನಿಂತಳು. ಸ್ವಚ್ಛತೆಯಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಮನೆ ಮುಗಿಸಿ ದನದ ಕೊಟ್ಟಿಗೆಗೆ ಬಂದಳು, ಘಮ್ಮೆನ್ನುವ ಹಾಗೆ ಫಿನಾಯಿಲ್ ಹಾಕಿ ಗಸಗಸ ತಿಕ್ಕಿದಳು. ಆ ನೀರೆಲ್ಲ ಕಾಲುವೆಗುಂಟ ಹರಿದು ನೇರವಾಗಿ ಗ್ಯಾಸಿನ ಗುಂಡಿಗೆ ಇಳಿಯಿತು.

ಕೆಲವೇ ದಿನಗಳಲ್ಲಿ ಉರಿ ಕುಗ್ಗಿತು, ಹಳದಿಯಾಯಿತು, ಒಂದು ಬೆಳಿಗ್ಗೆ ಹತ್ತಲೇ ಇಲ್ಲ. ದೊಡ್ಡಪ್ಪ ಹಿತ್ತಲಿಗೆ ಬಂದು ಹುಣಸೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿ ಒಳಗೆ ಹೋದ. ದೊಡ್ಡವ್ವ ಗುಂಡಿಯ ಬಾಯಿಗೆ ಬಗ್ಗಿ ಮೂಸಿ ನೋಡಿದವಳು ಅಲ್ಲೇ ಕುಸಿದು ಕುಳಿತಳು.

"ನನ್ನ ಕೈಲೆ ನಾನ ಇಸಾ ಹಾಕೀನಿ" ಎಂದು ಎಲ್ಲರೆದುರೂ ಹೇಳಿದಳು. "ಹುಳಾ ಸಾಯಲಿ ಅಂತ ಫಿನಾಯಿಲ್ ಹಾಕತೇವಿ. ಇದರ ಹೊಟ್ಟ್ಯಾಗ ಇದ್ದದ್ದೂ ಹುಳಾನ ಅಲ್ಲೇನು?"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರು. ಅವಳು ಮರುದಿನ ಮೊದಲ ಬಸ್ಸಿಗೆ ಆಡೂರಿಗೆ ಹೋದಳು. ನಾವೆಲ್ಲ ಸೇರಿ ಗುಂಡಿಯ ಕೆಟ್ಟ ಬಗ್ಗಡವನ್ನು ಬಕೆಟ್ಟಿನಿಂದ ಎತ್ತಿ ಹೊರಗೆ ಚೆಲ್ಲಿದೆವು. ಸಂಜೆ ಅವಳು ಬಸ್ಸಿನಿಂದ ಇಳಿದಾಗ ಕೈಯಲ್ಲಿ ಹಾಲಿನ ಕ್ಯಾನು, ಅದರ ತುಂಬ ತವರುಮನೆಯ ಗುಂಡಿಯ ಜೀವಂತ ಬಗ್ಗಡ. ಹಾಲು ಮೊಸರಾಗಲು ಹೆಪ್ಪು ಬೇಕಲ್ಲ, ಇದಕ್ಕೂ ಹಾಗೆಯೇ ಎಂಬುದು ಅವಳ ಲೆಕ್ಕ. ದಾರಿಯಲ್ಲಿ ಕಂಡಕ್ಟರ್ ಕೇಳಿದನಂತೆ. "ತವರಮನಿಯಿಂದ ಹೆಪ್ಪು ಒಯ್ಯಾಕತ್ತೇನಪಾ ಅಂದೆ. ಬಾಯಿ ಮುಚಗೊಂಡು ಮುಂದ ಹ್ವಾದ" ಎಂದು ಹೇಳಿ ಓಣಿಯನ್ನೆಲ್ಲ ನಗಿಸಿದಳು. ಮರ ಇನ್ನೂ ಕೊಡಲಿಯ ಬಾಯಲ್ಲೇ ಇತ್ತು, ಅವಳು ಮಾತ್ರ ನಗುತ್ತಿದ್ದಳು.

ಹೆಪ್ಪು ಹಿಡಿಯಿತು. ಆದರೆ ಮಳೆಯ ತಂಪಿಗೆ ಗ್ಯಾಸು ಮೊದಲಿನಷ್ಟು ಏಳಲಿಲ್ಲ, ಹೊತ್ತಿಗೆ ಇಷ್ಟೇ ಇಷ್ಟು. ಉಂಡಿ ಮಾಡುವುದೆಂದರೆ ನಮ್ಮಲ್ಲಿ ಒಂದೇ ಬೈಠಕ್ಕಿನಲ್ಲಿ ಹುರಿದು, ಕುಟ್ಟಿ, ಪಾಕ ಹಿಡಿದು, ಕಟ್ಟಿ ಏಳುವುದು. ದೊಡ್ಡವ್ವ ಆ ಪದ್ಧತಿಯನ್ನೇ ಮುರಿದಳು. ಒಂದು ದಿನ ಶೇಂಗಾ ಹುರಿದಳು, ಇನ್ನೊಂದು ದಿನ ಎಳ್ಳು, ಮತ್ತೊಂದು ದಿನ ಬೆಲ್ಲದ ಪಾಕ. ಉರಿ ಸಣ್ಣಗಾಗುತ್ತಲೇ ಬುಟ್ಟಿ ಮುಚ್ಚಿ ಏಳುತ್ತಿದ್ದಳು. ನಾವು ದಿನಾ ಶಾಲೆಯಿಂದ ಓಡಿ ಬಂದು ಎಷ್ಟಾಯಿತು ಎಂದು ಇಣುಕುತ್ತಿದ್ದೆವು.

ಹಬ್ಬದ ಹಿಂದಿನ ಸಂಜೆ ರವೆ ಉಂಡಿ ಮಾಡುವುದೊಂದೇ ಉಳಿದಿತ್ತು. ರವೆ ಅರ್ಧ ಹುರಿದಿರಬೇಕು, ಉರಿ ನಡುಗಿ ಆರಿಹೋಯಿತು. ತವರಿಗೆ ಬಂದಿದ್ದ ಹಿರಿಯ ಮಗಳು ಕಟ್ಟಿಗೆ ಒಲೆಯ ಕಡೆ ಹೊರಟಳು. "ಸ್ವಲ್ಪರ ಹಚ್ಚತೇನಬೇ ಯವ್ವಾ, ಯಾರಿಗೆ ಗೊತ್ತಾಗತೈತಿ?"

ದೊಡ್ಡವ್ವ ಅವಳ ಕೈ ಹಿಡಿದು ಕೂರಿಸಿದಳು. "ಬ್ಯಾಡ. ಇವತ್ತಿಗೆ ಅದು ಕೊಟ್ಟದ್ದ ಇಷ್ಟ. ನಾಳೆ ಕೇಳೂಣು."

ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಯಾರಿಗೂ ಗೊತ್ತಿಲ್ಲ. ಒಳಗೆ ಬಂದು ಒಂದು ಶೇಂಗಾ ಉಂಡಿ ಎತ್ತಿಕೊಂಡು ತಿಂದ. ಕೈ ಒರೆಸಿಕೊಂಡು, ಅಟ್ಟದ ಮೇಲಿನಿಂದ ದಪ್ಪ ಮಿಣಿಹಗ್ಗವನ್ನು ಎಳೆದು ಹೆಗಲಿಗೆ ಹಾಕಿಕೊಂಡು, ಜಿಟಿಜಿಟಿ ಮಳೆಯಲ್ಲೇ ಹಿತ್ತಲಿಗೆ ನಡೆದ. ಕೊಡಲಿಯಲ್ಲ, ಜೋಕಾಲಿಯ ಮಿಣಿ! ನಾವು ಚೀರುತ್ತಾ ಅವನ ಹಿಂದೆ ಓಡಿದೆವು. ಆ ವರ್ಷ ಜೋಕಾಲಿ ಜೀಕಿದಷ್ಟು ಎತ್ತರ ನಾನು ಮತ್ತೆಂದೂ ಜೀಕಲಿಲ್ಲ.

ಈಗ ಆ ಮನೆಯಲ್ಲಿ ದನಗಳಿಲ್ಲ. ಟ್ರ್ಯಾಕ್ಟರ್ ಬಂತು, ಸಿಲಿಂಡರ್ ಬಂತು, ಗುಂಡಿಯ ಬಾಯಿಗೆ ಹಾಸುಗಲ್ಲು ಬಿತ್ತು. ದೊಡ್ಡಪ್ಪ ಹೋದ, ಅವನ ಹಿಂದೆ ದೊಡ್ಡವ್ವನೂ ಹೋದಳು... ಹುಣಸೆ ಮರ ಮಾತ್ರ ಇದೆ.

ನಾನು ಶಿಗ್ಗಾಂವದಲ್ಲಿ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್. ಬಕೆಟ್ಟುಗಟ್ಟಲೆ ಅನ್ನ ಸಾರು ಚರಂಡಿ ಸೇರುವುದನ್ನು ನೋಡಲಾರದೆ ಹಟ ಹಿಡಿದು ಗ್ಯಾಸಿನ ಗುಂಡಿ ಕಟ್ಟಿಸಿದ್ದೆ. ವಾರಗಳಾದರೂ ಅದು ಹೊತ್ತಲಿಲ್ಲ. ಹುಡುಗಿಯರು ಒಳಗೊಳಗೇ ನಗುತ್ತಿದ್ದರು, ಮುಚ್ಚಿಸಿಬಿಡಿ ಎಂದು ಮೇಲಿನವರೂ ಹೇಳತೊಡಗಿದ್ದರು. ಆಗ ಹೆಪ್ಪು ನೆನಪಾಯಿತು. ನಮ್ಮೂರಿನಲ್ಲಿ ಕೇಳಿದರೆ ಒಂದು ಗುಂಡಿಯೂ ಜೀವಂತವಿಲ್ಲ. ಆಡೂರಿನಲ್ಲಿ ಮಾತ್ರ ದೊಡ್ಡವ್ವನ ಅಣ್ಣನ ಮಗ ಎರಡು ಎಮ್ಮೆ ಕಟ್ಟಿಕೊಂಡು ಅದೇ ಹಳೆಯ ಗುಂಡಿಯನ್ನು ನಡೆಸುತ್ತಿದ್ದಾನೆ. ಬಸ್ಸಿನಲ್ಲಿ ನನ್ನ ಕಾಲಬಳಿ ಇದ್ದುದು ಅವಳ ತವರುಮನೆಯದೇ ಹೆಪ್ಪು.

ಅದನ್ನು ಗುಂಡಿಗೆ ಹೊಯ್ದು ಕೆಲವು ದಿನ ಕಾದ ಮೇಲೆ ನಿನ್ನೆ ಒಲೆ ಹೊತ್ತಿತು. ಅದೇ ಕೊಳೆತ ವಾಸನೆ, ಅದೇ ನೀಲಿ. ಹುಡುಗಿಯರು ಫೋನು ಹಿಡಿದು ಮುಗಿಬಿದ್ದರು, ನಾನೂ ಹತ್ತು ವರ್ಷದ ಹುಡುಗಿಯ ಹಾಗೆ ಕೈ ತಟ್ಟಿದೆ. ಎರಡು ಪಾತ್ರೆ ಚಹ ಆಗುವಷ್ಟರಲ್ಲಿ ಉರಿ ಆರಿತು. ಅಡುಗೆಯಾಕೆ ಗಾಬರಿಯಿಂದ ನನ್ನ ಮುಖ ನೋಡಿದಳು.

"ಇವತ್ತಿಗೆ ಅದು ಕೊಟ್ಟದ್ದ ಇಷ್ಟ. ನಾಳೆ ಕೇಳೂಣು" ಎಂದೆ.

ಈ ಸುದ್ದಿಯನ್ನು ಮೊದಲು ಹೇಳಬೇಕಾದದ್ದು ದೊಡ್ಡವ್ವನಿಗೆ, ಹೇಳೋಣವೆಂದರೆ ಅವಳಿಲ್ಲ. ಇದ್ದಿದ್ದರೆ ಅವಳು ಉರಿಯನ್ನು ಆಮೇಲೆ ನೋಡುತ್ತಿದ್ದಳು, ಮೊದಲು ಇನ್ನೊಂದನ್ನು ಕೇಳುತ್ತಿದ್ದಳು. ನಾನು ಕಪ್ಪನ್ನು ಕೆಳಗಿಟ್ಟು, ಬಚ್ಚಲ ಮೂಲೆಯಲ್ಲಿದ್ದ ಫಿನಾಯಿಲ್ ಡಬ್ಬಿಯನ್ನು ಎತ್ತಿಕೊಂಡು ಹೋಗಿ ನನ್ನ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.