ಬೆಕ್ಕಿಲ್ಲದ ಬೆಕ್ಕಿನ ಪುಸ್ತಕ

ಬೆಕ್ಕಿನ ಬಗ್ಗೆ ಬರೆದ ಪುಸ್ತಕದ ಮುಖಪುಟದಲ್ಲಿ ಗಣಪತಿ ಇದ್ದ. ಮಾವಿನ ತೋರಣ ಇತ್ತು. ಎಡಕ್ಕೊಂದು, ಬಲಕ್ಕೊಂದು ಬಾಳೆಕಂಬ ಇತ್ತು. ಇಲಿಯೂ ಇತ್ತು. ಬೆಕ್ಕು ಮಾತ್ರ ಇರಲಿಲ್ಲ.

ಮಾಡಿಸಿದವನು ನಾನೇ.

ನನ್ನ ಪುರಾಣ ಇಷ್ಟೇ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿ ಸೇರಿದವನು. ತಲೆ ನರೆತ ಮೇಲೆ ಬುದ್ಧಿ ಕೆಟ್ಟು (ಇದು ನಮ್ಮ ಮನೆಯವಳ ಮಾತು) ಚಾಮರಾಜಪೇಟೆಯಲ್ಲಿ ಪುಟ್ಟದೊಂದು ಪ್ರಕಾಶನ ಶುರು ಮಾಡಿದೆ. ಅಂಗಡಿಯಲ್ಲಿದ್ದಷ್ಟು ಕಾಲವೂ ನನ್ನ ಕಾಗುಣಿತ ತಿದ್ದಿದವಳು ಅಕ್ಕ. ಅವಳ ಕಣ್ಣಿಗೆ ಬೀಳದೆ ನನ್ನ ಒಂದು ಕಾರ್ಡೂ ಪ್ರೆಸ್ಸಿಗೆ ಹೋಗುತ್ತಿರಲಿಲ್ಲ. ಒಮ್ಮೆ ವರನ ಜಾಗದಲ್ಲಿ ವರನ ಅಪ್ಪನ ಹೆಸರು ಕೂರಿಸಿದ್ದೆ. ಹಾಗೇ ಅಚ್ಚಾಗಿದ್ದರೆ? ಉಳಿಸಿದವಳು ಅವಳೇ.

ಆ ಅಕ್ಕ ಒಂದು ಪುಸ್ತಕ ಬರೆದಳು. ಬಸವನಗುಡಿಯ ಅವಳ ಮನೆಯಲ್ಲಿ ಬಹಳ ಕಾಲ ಆಳಿ, ಹೋದ ವರ್ಷ ತೀರಿಕೊಂಡ ಅಮಲ್ದಾರ ಎಂಬ ಬೆಕ್ಕಿನ ಕಥೆ. (ಸಾಕಿದ ಬೆಕ್ಕು ಎಂದರೆ ಅಕ್ಕನಿಗೆ ಸಿಟ್ಟು. ನಮ್ಮನ್ನು ಸಾಕಿದ್ದು ಅವನು ಎನ್ನುತ್ತಾಳೆ.) ಅವನದೊಂದು ಫೋಟೋ ಕೂಡ ಅವಳ ಹತ್ತಿರ ಇಲ್ಲ. ಫೋನ್ ಎತ್ತಿದರೆ ಎದ್ದು ಹೋಗುತ್ತಿದ್ದನಂತೆ.

"ರುದ್ರೂ, ಕವರ್ ಮೇಲಾದ್ರೂ ಅವನು ಇರ್ಲಿ ಕಣೋ" ಎಂದಳು. ಕೇಳಿದ್ದು ಅದೊಂದೇ.

ಮತ್ತಿಕೆರೆಯಲ್ಲಿ ನಯನಾ ಅಂತ ಒಬ್ಬ ಹುಡುಗಿ ಇದ್ದಾಳೆ, ಮನೆಯಲ್ಲೇ ಕೂತು ಚಿತ್ರ ಮಾಡಿಕೊಡುವ ಫ್ರೀಲಾನ್ಸ್ ಕಲಾವಿದೆ. ಅವಳಿಗೆ ಒಪ್ಪಿಸಿದೆ. ಪುಸ್ತಕ ಪೂರ್ತಿ ಓದಿ, ಆಮೇಲೆ ಚಿತ್ರ ಕಳಿಸಿದಳು. ಒಂದು ಕಾಂಪೌಂಡ್ ಗೋಡೆ. ಅದರ ಮೇಲೆ ನಮಗೆ ಬೆನ್ನು ತೋರಿಸಿಕೊಂಡು ಕೂತ ಕರೀ ಬೆಕ್ಕು. ಮುಗಿಯಿತು.

"ಉಳಿದಿದ್ದು ಯಾವಾಗ ಕಳಿಸ್ತೀರಮ್ಮ?"

"ಇಷ್ಟೇ ಸರ್."

"ಮೇಲೆಲ್ಲ ಖಾಲಿ ಇದೆಯಲ್ಲ?"

"ಅದು ಆಕಾಶ ಸರ್."

ಸುಲ್ತಾನ್‌ಪೇಟೆಯಲ್ಲಿ ಆಕಾಶ ಇಲ್ಲ ಸ್ವಾಮಿ. ಕಾರ್ಡಿನಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಉಳಿದರೂ, ಇಲ್ಲಿ ನಮ್ಮ ಸೋದರಮಾವನ ಹೆಸರು ಹಿಡೀತಿತ್ತಲ್ಲ ಎಂದು ಗಿರಾಕಿ ಜಗಳಕ್ಕೆ ಬರುತ್ತಾನೆ. ಇನ್ನು ಬೆನ್ನು? ಕರೆಯೋಲೆಯಲ್ಲಿ ಬಂದವರಿಗೆ ಬೆನ್ನು ತೋರಿಸುತ್ತಾರೆಯೇ?

ಅಲ್ಲಿ ಇನ್ನೊಂದು ಪದ್ಧತಿ ಇದೆ. ಪ್ರೂಫ್ ಬಂದರೆ ಮನೆಯ ಹಿರಿಯರಿಂದ ಬೀಗರ ತನಕ ಎಲ್ಲರೂ ನೋಡಬೇಕು. ನೋಡಿದವರು ಏನಾದರೂ ಸೇರಿಸಲೇಬೇಕು. ಬರೀ ಚೆನ್ನಾಗಿದೆ ಎಂದರೆ ಸರಿಯಾಗಿ ನೋಡಿಲ್ಲ ಎಂದೇ ಲೆಕ್ಕ. ನಾನು ಬೆಕ್ಕನ್ನು ಫೋನಿನಲ್ಲಿಟ್ಟುಕೊಂಡು ಹೊರಟೆ.

ಮೊದಲು ಬಳೇಪೇಟೆಯ ಬಳೆ ಅಂಗಡಿಯಲ್ಲಿ ಕೂತಿರುವ ಚಿಕ್ಕಪ್ಪ. "ಮೇಲೆ ಗಣಪತಿ ಎಲ್ಲಯ್ಯಾ? ಮೊದಲ್ನೇ ಪುಸ್ತಕ ಅಂತೀಯ, ವಿಘ್ನ ಬಂದ್ರೆ ಬೆಕ್ಕು ಬಂದು ಕಾಯುತ್ತಾ?" ಗಣಪತಿ ಬಂದ. "ತೋರಣ ಇಲ್ದೆ ದೇವರನ್ನ ಬೋಳಾಗಿ ಕೂರಿಸ್ತಾರೇನ್ರೀ?" ಎಂದಳು ನಮ್ಮ ಮನೆಯವಳು. ತೋರಣ ಬಂತು. ಬೀಗರು ಪಾಪ, ಚೆನ್ನಾಗಿದೆ ಎಂದು ಸುಮ್ಮನಾದರು. ಅವರಿಗೆ ಬೇಜಾರಾದೀತೆಂದು ನಾನೇ ಬಲವಂತ ಮಾಡಿ ಅವರ ಬಾಯಲ್ಲಿ ಬಾಳೆಕಂಬ ಹೇಳಿಸಿದೆ.

ನಯನಾ ಎಲ್ಲವನ್ನೂ ಬಿಡಿಸಿದಳು. ಪ್ರತಿ ಸಲವೂ ಒಂದೇ ಪ್ರಶ್ನೆ: "ಸರ್, ಪುಸ್ತಕ ಬರೆದ ಮೇಡಂ ನೋಡಿದ್ರಾ?"

"ಇಲ್ಲಮ್ಮ, ಅವರಿಗೆ ಸರ್‌ಪ್ರೈಸ್."

ತೊಂದರೆ ತಂದಿದ್ದು ಇಲಿ. ಗಣಪತಿಯ ಪಾದದ ಹತ್ತಿರ ಶಾಸ್ತ್ರಕ್ಕೆಂದು ಅವಳು ಒಂದು ಇಲಿ ಕೂರಿಸಿದ್ದಳು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ನೋಡಿ ಹೌಹಾರಿದರು. "ಲೇ ರುದ್ರ, ಈ ಬೆಕ್ಕು ದೇವರ ವಾಹನದ ಮೇಲೇ ಕಣ್ಣಿಟ್ಟಿದೆಯಲ್ಲೋ!"

ನಿಜ. ನೆಟ್ಟ ನೋಟ. ಬೆಕ್ಕನ್ನು ಪಕ್ಕಕ್ಕೆ ಸರಿಸಿದೆವು, ಬಾಳೆಕಂಬದ ಮರೆಯಲ್ಲಿ ಹೊಂಚು ಹಾಕಿದಂತಾಯಿತು. ನಮ್ಮ ಕಡೆ ತಿರುಗಿಸಿದೆವು, ಆಗಲೇ ತಿಂದು ಮುಗಿಸಿದಂತೆ ಕಂಡಿತು.

"ಇಲಿ ತೆಗೆದುಬಿಡ್ಲಾ ಸರ್?"

"ದೇವರ ವಾಹನ ತೆಗೆಯೋಕಾಗುತ್ತೇನಮ್ಮ?"

"ಹಾಗಾದ್ರೆ ತೆಗೆಯೋಕೆ ಉಳಿದಿರೋದು ಒಂದೇ ಸರ್."

"ತೆಗೀರಿ" ಎಂದುಬಿಟ್ಟೆ!

ಪ್ರೆಸ್ಸಿನಿಂದ ಬಣ್ಣದ ಪ್ರೂಫ್ ತೆಗೆಸಿಕೊಂಡು ಅಕ್ಕನ ಮನೆಗೆ ಓಡಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನೋಡಿದಳು. ಹಿಂದೆ ತಿರುಗಿಸಿ ನೋಡಿದಳು.

"ಯಾರ ಮದುವೆನೋ?"

"ನಿನ್ನ ಪುಸ್ತಕ ಅಕ್ಕ."

"ಅಮಲ್ದಾರ ಎಲ್ಲಿ?"

"ಒಳಗಿದಾನೆ. ಕಥೆಯಲ್ಲಿ. ನಿನಗೆ ಸರ್‌ಪ್ರೈಸ್ ಇರ್ಲಿ ಅಂತ…"

"ಬೆಕ್ಕಿನ ಪುಸ್ತಕದಲ್ಲಿ ಇಲಿ ಬಂದು ಕೂತಿದ್ರೆ ಸರ್‌ಪ್ರೈಸೇ ಬಿಡು" ಎಂದಳು. ನಗಲಿಲ್ಲ. "ಊರಿಗೆಲ್ಲ ಪ್ರೂಫ್ ತೋರ್ಸಿರ್ತೀಯ. ನನಗೊಬ್ಬಳಿಗೆ ತೋರಿಸ್ಬೇಕು ಅನ್ನಿಸ್ಲಿಲ್ವಾ?"

ನನ್ನ ಪ್ರತಿ ಕಾರ್ಡನ್ನೂ ನೋಡಿ ತಿದ್ದಿದವಳು. ಫೋನ್ ತೆಗೆದು ನಯನಾಳ ಮೊದಲ ಚಿತ್ರ ತೋರಿಸಿದೆ. ಅಕ್ಕ ಫೋನನ್ನು ಕೈಯಿಂದ ಕಿತ್ತುಕೊಂಡಳು.

"ಹಿಂಗೇ ಕಣೋ! ಬೈದ್ರೆ ಸಾಕು, ಹೋಗಿ ಕಾಂಪೌಂಡ್ ಮೇಲೆ ನನಗೆ ಬೆನ್ನು ಹಾಕಿ ಕೂರ್ತಿದ್ದ. ನಾನು ಸಾರಿ ಕೇಳೋ ತನಕ ತಿರುಗ್ತಿರ್ಲಿಲ್ಲ."

"ಇದೆಲ್ಲ ಆ ಹುಡುಗಿಗೆ ಹೆಂಗೆ ಗೊತ್ತಾಯ್ತು?"

ಅಕ್ಕ ನನ್ನ ಮುಖವನ್ನೇ ನೋಡಿದಳು. "ಮೊದಲ್ನೇ ಪುಟದಲ್ಲೇ ಬರ್ದಿದೀನಲ್ಲೋ. ನೀನು ಓದೇ ಇಲ್ವಾ?"

(ಓದುಗರೇ, ಇಲ್ಲ. ಅಕ್ಕ ಬರೆದದ್ದಲ್ಲವೇ, ಅದರಲ್ಲಿ ತಪ್ಪೆಲ್ಲಿರುತ್ತದೆ ಎಂದು ನೇರ ಪ್ರೆಸ್ಸಿಗೆ ಕೊಟ್ಟಿದ್ದೆ.)

ಅಲ್ಲಿಂದಲೇ ನಯನಾಗೆ ಫೋನ್ ಮಾಡಿದೆ. "ತಪ್ಪಾಯ್ತಮ್ಮ, ಮೊದಲ್ನೇದೇ ಇರ್ಲಿ."

"ಯಾವ ಮೊದಲ್ನೇದು ಸರ್? ಗಣಪತಿ ಒಬ್ಬನೇ ಇರೋದಾ?"

"ಅದಕ್ಕೂ ಹಿಂದಿಂದು. ಆಕಾಶದ್ದು."

ಆ ರಾತ್ರಿಯೇ ಪುಸ್ತಕ ಓದಿದೆ. ಅಮಲ್ದಾರ ಕೂತ ಕಡೆಯೆಲ್ಲ ಅಕ್ಕನೂ ಕೂತಿದ್ದಾಳೆ. ನಾನು ಮಾತ್ರ ಯಾವ ಪುಟದಲ್ಲೂ ಬಂದು ಹೋಗುವುದಿಲ್ಲ. ಪ್ರೂಫ್ ಹಿಡಿದುಕೊಂಡು ಹೋಗಿದ್ದು ಬಿಟ್ಟರೆ ಆ ಮನೆಗೆ ನಾನು ಯಾವಾಗ ಹೋಗಿದ್ದೆ?

ಹೋದ ಭಾನುವಾರ ಅಕ್ಕನ ಮನೆಯ ವರಾಂಡದಲ್ಲಿ ಪುಸ್ತಕ ಬಿಡುಗಡೆಯಾಯಿತು. ಗೋಡೆ, ಬೆನ್ನು, ಆಕಾಶ. ಅಕ್ಕ ಮುಖಪುಟದ ಮೇಲೆ ಕೈಯಾಡಿಸಿ "ಸಾರಿ ಕಣೋ ಅಮಲ್ದಾರ" ಎಂದಿದ್ದನ್ನು ನಾನು ಕೇಳಿಸಿಕೊಂಡೆ. ನಾನೂ ಹೇಳಿದೆ, ಅಕ್ಕನಿಗೆ. ಅವಳು ಥೇಟ್ ಅಮಲ್ದಾರನ ಹಾಗೆ ಸ್ವಲ್ಪ ಹೊತ್ತು ಬಿಟ್ಟು ತಿರುಗಿದಳು.

ಅಷ್ಟರಲ್ಲಿ ಚಿಕ್ಕಪ್ಪ ಪುಸ್ತಕ ಹಿಡಿದುಕೊಂಡು ಬಂದರು. "ಗಣಪತಿ ಎಲ್ಲಯ್ಯಾ?"

"ಇದಾನೆ ಚಿಕ್ಕಪ್ಪ, ಗೋಡೆ ಆಚೆ. ಬೆಕ್ಕು ಅವನನ್ನೇ ನೋಡ್ತಾ ಕೂತಿದೆ. ನಮಗೆ ಕಾಣಲ್ಲ ಅಷ್ಟೇ."

ಚಿಕ್ಕಪ್ಪ ಭಕ್ತಿಯಿಂದ ಪುಸ್ತಕ ಕಣ್ಣಿಗೊತ್ತಿಕೊಂಡರು. ನಾಲ್ಕು ಹೆಜ್ಜೆ ಹೋದವರು ಗಾಬರಿಯಿಂದ ತಿರುಗಿ ಬಂದರು:

"ಹಾಗಾದ್ರೆ ಇಲಿ ಗತಿ ಏನಯ್ಯಾ?"